ನೀಟ್ ಮತ್ತೊಮ್ಮೆ ಬರೆಯುವುದೇ, ಸಿಕ್ಕ ಆಯುರ್ವೇದದ ಸೀಟು ಹಿಡಿಯುವುದೇ?

ಪ್ರಶ್ನೆ: ಡೊಂಬಿವಲಿಯ ಒಬ್ಬ ತಾಯಿ

ಎಲ್ಲರಿಗೂ ನಮಸ್ಕಾರ. ನಾವು ಮೂಲತಃ ಕುಂದಾಪುರ ಕಡೆಯವರು. ಮದುವೆಯಾದಂದಿನಿಂದ, ಅಂದರೆ ಇಪ್ಪತ್ತೆರಡು ವರ್ಷಗಳಿಂದ, ಡೊಂಬಿವಲಿಯಲ್ಲಿದ್ದೇವೆ. ಯಜಮಾನರು ಠಾಣೆಯ ಒಂದು ಹೋಟೆಲಿನಲ್ಲಿ ಮ್ಯಾನೇಜರ್ ಆಗಿದ್ದಾರೆ. ಮಗಳು ಹತ್ತನೆಯ ಮತ್ತು ಹನ್ನೆರಡನೆಯ ತರಗತಿಗಳನ್ನು ಇಲ್ಲಿಯೇ ಮಹಾರಾಷ್ಟ್ರ ಬೋರ್ಡಿನಲ್ಲಿ ಮುಗಿಸಿ, 2025ರ ಮೇ 4ರಂದು ಮೊದಲ ಸಲ ನೀಟ್ ಬರೆದಳು. 720ಕ್ಕೆ 419 ಅಂಕ ಬಂದಿದೆ. ಸರ್ಕಾರಿ ವೈದ್ಯಕೀಯ ಕಾಲೇಜಿಗೆ ಇದು ಸಾಲುವುದಿಲ್ಲ ಎಂಬುದು ನಮಗೆ ತಿಳಿದಿದೆ. ಖಾಸಗಿ ಕಾಲೇಜಿನ ಶುಲ್ಕ ಕಟ್ಟುವ ಶಕ್ತಿ ನಮಗಿಲ್ಲ.

ಫಲಿತಾಂಶ ಬಂದ ಮೇಲೆ ಅವಳು ಎರಡು ವಾರ ಯಾರೊಡನೆಯೂ ಸರಿಯಾಗಿ ಮಾತನಾಡಲಿಲ್ಲ. ಬಳಿಕ ಒಂದು ರಾತ್ರಿ ತಾನಾಗಿಯೇ ಉತ್ತರದ ವೃತ್ತಗಳನ್ನು ತುಂಬುವ ಒಎಂಆರ್ ಹಾಳೆಯ ಪ್ರತಿಯನ್ನೂ ಅಂತಿಮ ಕೀ ಉತ್ತರಗಳನ್ನೂ ತಂದು ಅಡುಗೆಮನೆಯ ನೆಲದ ಮೇಲೆ ಹರಡಿದಳು. ಇಬ್ಬರೂ ಕುಳಿತು ಲೆಕ್ಕ ಹಾಕಿದೆವು. ಜೀವಶಾಸ್ತ್ರದ 90 ಪ್ರಶ್ನೆಗಳಲ್ಲಿ 77 ಸರಿ, 13 ತಪ್ಪು. ರಸಾಯನಶಾಸ್ತ್ರದ 45ರಲ್ಲಿ 26 ಸರಿ, 16 ತಪ್ಪು, 3 ಬಿಟ್ಟದ್ದು. ಭೌತಶಾಸ್ತ್ರದ 45ರಲ್ಲಿ 15 ಸರಿ, 24 ತಪ್ಪು, 6 ಬಿಟ್ಟದ್ದು. ಸರಿಗೆ 4 ಅಂಕ, ತಪ್ಪಿಗೆ 1 ಕಡಿತ, ಅಂದರೆ ಕ್ರಮವಾಗಿ 295, 88 ಮತ್ತು 36 ಅಂಕಗಳು. ಆ 36ನ್ನು ಅವಳು ಪೆನ್ಸಿಲಿನಲ್ಲಿ ಬರೆದು, ಅಳಿಸಿ, ಮತ್ತೆ ಬರೆದಳು.

ಈಗ ಮನೆಯಲ್ಲಿ ತಲೆಗೊಂದು ಮಾತು ನಡೆಯುತ್ತಿದೆ. ಆಯುರ್ವೇದದ ಸೀಟು ಸಿಗುವ ಸಂಭವವಿದೆ, ಅದನ್ನು ಹಿಡಿದುಕೊಂಡೇ ಮುಂದಿನ ವರ್ಷ ನೀಟ್ ಬರೆಯಲಿ ಎನ್ನುವುದು ಯಜಮಾನರ ಅಭಿಪ್ರಾಯ. ಮಂಗಳೂರಿನ ಕಡೆ ಹಾಸ್ಟೆಲ್ಲಿನಲ್ಲಿಟ್ಟು ಒಂದು ವರ್ಷ ಕೋಚಿಂಗ್ ಕೊಡಿಸು ಎನ್ನುತ್ತಾನೆ ನನ್ನ ತಮ್ಮ. ಅಲ್ಲಿ ಓದಿದರೆ ಕರ್ನಾಟಕದ ಸೀಟಿಗೂ ಅರ್ಹಳಾಗುತ್ತಾಳೆ ಎಂಬುದು ಅವನ ವಾದ. ಮಗಳಿಗೆ ಮಾತ್ರ ಮನೆಯಲ್ಲಿಯೇ ಇದ್ದು ಓದುವ ಮನಸ್ಸು. ನೀಟ್ ಇಷ್ಟೇ ಸಲ ಬರೆಯಬಹುದೆಂಬ ಮಿತಿ ಏನಾದರೂ ಇದೆಯೇ? 419ರಿಂದ ಮೇಲೇರುವ ಆಸೆಯನ್ನು ನಾವು ಇಟ್ಟುಕೊಳ್ಳಬಹುದೇ? ಈ ದಾರಿಯನ್ನು ನಡೆದು ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ: ಮುಲುಂಡಿನಲ್ಲಿ ಭೌತಶಾಸ್ತ್ರ ಕಲಿಸುವವನು

ಮೊದಲು ಸುಲಭದ ಪ್ರಶ್ನೆಯನ್ನು ಮುಗಿಸಿಬಿಡುತ್ತೇನೆ. ನೀಟ್ ಇಷ್ಟು ಸಲ ಮಾತ್ರ ಬರೆಯಬೇಕೆಂಬ ಮಿತಿ ಇಲ್ಲ. ಗರಿಷ್ಠ ವಯಸ್ಸಿನ ಮಿತಿಯನ್ನೂ 2022ರಲ್ಲಿ ತೆಗೆದುಹಾಕಲಾಗಿದೆ.

ಇನ್ನು 419ರ ವಿಷಯ. ಅಮ್ಮಾ, ಈ ಅಂಕವನ್ನು ನೆರೆಮನೆಯ ಹುಡುಗನ ಹಿಂದಿನ ವರ್ಷದ ಅಂಕದೊಡನೆ ದಯವಿಟ್ಟು ಹೋಲಿಸಬೇಡಿ. 2024ರಲ್ಲಿ ಮೊದಲು ಪ್ರಕಟವಾದ ಫಲಿತಾಂಶದಲ್ಲಿ 67 ಮಂದಿಗೆ 720ಕ್ಕೆ 720 ಬಂದಿತ್ತು. ಕೃಪಾಂಕ ರದ್ದಾಗಿ, ಫಲಿತಾಂಶ ಪರಿಷ್ಕೃತವಾದ ಮೇಲೂ 17 ಮಂದಿ ಪೂರ್ಣಾಂಕದಲ್ಲಿ ಉಳಿದರು. 2025ರಲ್ಲಿ ಇಡೀ ದೇಶದ ಮೊದಲ ಸ್ಥಾನಕ್ಕೇ ಬಂದದ್ದು 686. ಸಾಮಾನ್ಯ ವರ್ಗದ ಅರ್ಹತಾ ಅಂಕವೂ 162ರಿಂದ 144ಕ್ಕೆ ಇಳಿಯಿತು. ಒಂದೇ ಅಂಕಕ್ಕೆ ಎರಡು ವರ್ಷಗಳಲ್ಲಿ ಎರಡು ಬೆಲೆ. ಆದ್ದರಿಂದ ಅಂಕವನ್ನು ಬಿಟ್ಟು ಅಖಿಲ ಭಾರತ ರ‍್ಯಾಂಕನ್ನು ನೋಡಿ. ಪ್ರವೇಶ ನಡೆಸುವ ರಾಜ್ಯದ ಸಿಇಟಿ ಸೆಲ್ ಸೀಟು ಹಂಚಿಕೆಯ ಪ್ರತಿ ಸುತ್ತಿನ ಆಯ್ಕೆಪಟ್ಟಿಯನ್ನು ಪ್ರಕಟಿಸುತ್ತದೆ. ನಿಮ್ಮ ವರ್ಗದಲ್ಲಿ ಸರ್ಕಾರಿ ಕಾಲೇಜಿಗೆ ಸೇರಿದ ಕೊನೆಯ ವಿದ್ಯಾರ್ಥಿಯ ರ‍್ಯಾಂಕ್ ಯಾವುದು, ಮಗಳದು ಅದರಿಂದ ಎಷ್ಟು ದೂರ ಎಂಬುದನ್ನು ಅಲ್ಲಿಂದಲೇ ಅಳೆಯಬೇಕು.

ಅಂಕಗಳ ಹಂಚಿಕೆಯನ್ನು ನೋಡಿದರೆ ನನಗೆ ಅಷ್ಟೇನೂ ನಿರಾಶೆಯಾಗುತ್ತಿಲ್ಲ. ಜೀವಶಾಸ್ತ್ರದಲ್ಲಿ 360ಕ್ಕೆ 295 ಪಡೆದವಳಿಗೆ ಓದುವ ಶಿಸ್ತು ಇಲ್ಲವೆನ್ನಲಾಗದು. ಹೆಚ್ಚು ಸೋರಿದ್ದು ಭೌತಶಾಸ್ತ್ರದಲ್ಲಿ. ಮುಂಬಯಿಯ ಮಕ್ಕಳಲ್ಲಿ ನಾನು ಮತ್ತೆ ಮತ್ತೆ ಕಾಣುವ ಸಂಗತಿ ಇದು: ಬೋರ್ಡಿನ ಪರೀಕ್ಷೆ ಹನ್ನೆರಡನೆಯ ತರಗತಿಯ ಪಾಠಗಳ ಮೇಲೆ ಮಾತ್ರ ನಡೆಯುವುದರಿಂದ ಹನ್ನೊಂದನೆಯ ತರಗತಿಯ ಇಡೀ ವರ್ಷ ಕೈಜಾರಿ ಹೋಗುತ್ತದೆ, ಆದರೆ ನೀಟ್ ಎರಡೂ ವರ್ಷಗಳ ಪಾಠಗಳಿಂದ ಪ್ರಶ್ನೆ ಕೇಳುತ್ತದೆ. ಚಲನೆಯ ನಿಯಮಗಳು, ಕೆಲಸ ಮತ್ತು ಶಕ್ತಿ, ಗುರುತ್ವಾಕರ್ಷಣೆ, ಇವೆಲ್ಲ ಹನ್ನೊಂದರವು. ಜೊತೆಗೆ ನಮ್ಮ ಮಕ್ಕಳು ರಾಜ್ಯದ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿಯ ಪುಸ್ತಕದಲ್ಲಿಯೇ ಬೆಳೆದಿರುತ್ತಾರೆ; ನೀಟಿಗೆ ಕೇಂದ್ರದ ಎನ್‌ಸಿಇಆರ್‌ಟಿ ಪುಸ್ತಕದ ಸಾಲು ಸಾಲು ಬೇಕು. ಮಗಳನ್ನು ಕೂರಿಸಿಕೊಂಡು ಆ 24 ತಪ್ಪುಗಳ ಪಕ್ಕದಲ್ಲಿ 11 ಅಥವಾ 12 ಎಂದು ತರಗತಿಯ ಸಂಖ್ಯೆ ಬರೆಸಿ. ಅನಂತರ ಪ್ರತಿಯೊಂದರ ಮುಂದೆ ಕಾರಣವನ್ನು ಬರೆಯಲಿ: ಪಾಠವೇ ಗೊತ್ತಿರಲಿಲ್ಲವೇ, ಸೂತ್ರ ನೆನಪಿದ್ದು ಲೆಕ್ಕ ತಪ್ಪಿತೇ, ಪ್ರಶ್ನೆಯಲ್ಲಿದ್ದ ‘ಅಲ್ಲ’ ಎಂಬ ಪದ ಕಣ್ಣಿಗೆ ಬೀಳಲಿಲ್ಲವೇ, ಅಥವಾ ಸುಮ್ಮನೆ ಒಂದು ವೃತ್ತ ತುಂಬಿದ್ದೇ. ಹೆಚ್ಚಿನವು ಮೊದಲನೆಯ ಕಾರಣದವಾದರೆ ಒಂದು ವರ್ಷ ಕೊಟ್ಟರೆ ಫಲವಿದೆ, ಏಕೆಂದರೆ ಕಲಿಯದೆ ಉಳಿದದ್ದನ್ನು ಕಲಿಯಬಹುದು. ಎಲ್ಲ ಪಾಠವೂ ಗೊತ್ತಿದ್ದು ಪರೀಕ್ಷೆಯ ಹೊತ್ತಿನಲ್ಲಿ ಕೈ ನಡುಗಿ ಕಳೆದುಕೊಂಡಿದ್ದರೆ ಅದಕ್ಕೆ ಬೇರೆ ಮದ್ದು, ಅದು ಪುಸ್ತಕದಲ್ಲಿಲ್ಲ.

ಒಂದು ಮಾತು ಸೇರಿಸಬೇಕು. ಗೊತ್ತಿಲ್ಲದ ಆ 24 ಪ್ರಶ್ನೆಗಳನ್ನು ಬಿಟ್ಟಿದ್ದರೆ ಭೌತಶಾಸ್ತ್ರದಲ್ಲಿ 36ರ ಬದಲು 60 ಅಂಕ ಬರುತ್ತಿತ್ತು. ಸಂಶಯವಿದ್ದುದನ್ನು ಮುಟ್ಟದಿರುವ ಸಂಯಮವನ್ನೂ ಈ ವರ್ಷ ಅಭ್ಯಾಸ ಮಾಡಿಕೊಳ್ಳಲಿ.

ಉತ್ತರ: ಪಿಂಪ್ರಿಯಿಂದ ಒಬ್ಬ ತಂದೆ

ಮುಲುಂಡಿನ ಗುರುಗಳು ಪಾಠದ ವಿಷಯ ಹೇಳಿದ್ದಾರೆ. ನಾನು ಕಾಗದಪತ್ರಗಳ ವಿಷಯ ಹೇಳುತ್ತೇನೆ, ಏಕೆಂದರೆ ನನ್ನ ಮಗನ ಒಂದು ವರ್ಷ ಹಾಳಾದದ್ದು ಅಂಕದಿಂದಲ್ಲ, ಕಾಗದದಿಂದ.

ನಾನು ಹುಟ್ಟಿ ಬೆಳೆದದ್ದು ಪುಣೆಯಲ್ಲಿ. ನನ್ನ ಹೆಂಡತಿ ಸೊಲ್ಲಾಪುರದವಳು, ಓದಿದ್ದೂ ಅಲ್ಲಿಯೇ. ಮಗ ಹತ್ತನೆಯ ತರಗತಿಯನ್ನು ಪಿಂಪ್ರಿಯಲ್ಲಿ ಮುಗಿಸಿದ ಮೇಲೆ, ಎಲ್ಲರ ಹಾಗೆ ನಾವೂ ಆಸೆಪಟ್ಟು ದಕ್ಷಿಣ ಕನ್ನಡದ ಒಂದು ಕಾಲೇಜಿನ ಹಾಸ್ಟೆಲ್ಲಿಗೆ ಪಿಯುಸಿಗಾಗಿ ಕಳುಹಿಸಿದೆವು. ಚೆನ್ನಾಗಿಯೇ ಓದಿದ. ಸೀಟು ಹಂಚುವ ಕೌನ್ಸೆಲಿಂಗ್ ಬಂದಾಗ ಗೊತ್ತಾಯಿತು: ಮಹಾರಾಷ್ಟ್ರದ ಶೇ. 85ರ ರಾಜ್ಯ ಕೋಟಾಕ್ಕೆ ವಾಸಸ್ಥಳದ ಪ್ರಮಾಣಪತ್ರದ ಜೊತೆಗೆ ಹತ್ತು ಮತ್ತು ಹನ್ನೆರಡು ಎರಡನ್ನೂ ಇದೇ ರಾಜ್ಯದಲ್ಲಿ ಪಾಸು ಮಾಡಿರಬೇಕು. ಕರ್ನಾಟಕದಲ್ಲಿ ಸರ್ಕಾರಿ ಸೀಟಿಗೆ ಸಾಮಾನ್ಯವಾಗಿ ಏಳು ವರ್ಷ ಅಲ್ಲಿ ಓದಿರಬೇಕು. ಪಿಯುಸಿಯ ಎರಡು ವರ್ಷಗಳನ್ನು ಮಾತ್ರ ಅಲ್ಲಿ ಓದಿದವರಿಗೆ, ತಂದೆ ಅಥವಾ ತಾಯಿ ಏಳು ವರ್ಷ ಕರ್ನಾಟಕದಲ್ಲಿ ಓದಿದ್ದರೆ ಅವಕಾಶವಿದೆ. ನಮ್ಮಿಬ್ಬರಲ್ಲಿ ಯಾರೂ ಅಲ್ಲಿ ಓದಿದವರಲ್ಲ. ಮನೆಯಲ್ಲಿ ಮೂರು ತಲೆಮಾರಿನಿಂದ ಕನ್ನಡ ಆಡುತ್ತಿದ್ದರೂ ಹುಡುಗ ಅಲ್ಲಿಗೂ ಸಲ್ಲಲಿಲ್ಲ, ಇಲ್ಲಿಗೂ ಸಲ್ಲಲಿಲ್ಲ. ಕೊನೆಗೆ ಅಖಿಲ ಭಾರತ ಶೇ. 15ರ ಕೋಟಾ, ಡೀಮ್ಡ್ ವಿಶ್ವವಿದ್ಯಾಲಯ ಮತ್ತು ಖಾಸಗಿ ಸೀಟು, ಇಷ್ಟೇ ಉಳಿದವು.

ಅಕ್ಕ, ನಿಮ್ಮ ಸ್ಥಿತಿ ಇದಕ್ಕಿಂತ ಎಷ್ಟೋ ವಾಸಿ. ಮಗಳು ಎರಡನ್ನೂ ಡೊಂಬಿವಲಿಯಲ್ಲಿ ಮುಗಿಸಿದ್ದಾಳೆ, ಹಾಗಾಗಿ ಇಲ್ಲಿನ ಹಕ್ಕು ಗಟ್ಟಿ. ಹನ್ನೆರಡು ಮುಗಿದ ಮೇಲೆ ಮಂಗಳೂರಿನಲ್ಲಿ ಕೋಚಿಂಗ್ ಪಡೆದರೂ ಆ ಹಕ್ಕು ಹೋಗುವುದಿಲ್ಲ. ಆದರೆ ನಿಮ್ಮ ತಮ್ಮ ಹೇಳುವಂತೆ ಕೋಚಿಂಗಿನ ಒಂದು ವರ್ಷದಿಂದ ಕರ್ನಾಟಕದ ಹಕ್ಕು ಬರುವುದೂ ಇಲ್ಲ. ನೀವು ದಂಪತಿ ಕುಂದಾಪುರದಲ್ಲಿ ಓದಿದವರೇ ಇರಬಹುದು, ಆದರೆ ಪಿಯುಸಿಯನ್ನು ಮಗಳು ಅಲ್ಲಿ ಓದಿಲ್ಲವಲ್ಲ. ಹೊರನಾಡು ಕನ್ನಡಿಗರು ಎಂಬ ಪ್ರತ್ಯೇಕ ವಿಭಾಗವೊಂದಿದೆ. ಅದಕ್ಕೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಕನ್ನಡ ಭಾಷಾ ಪರೀಕ್ಷೆಯನ್ನು ನಡೆಸುತ್ತದೆ. ಯಾವ ವಿಭಾಗಕ್ಕೆ ಯಾವ ಕೋರ್ಸು, ಯಾವ ಷರತ್ತು ಎಂಬುದನ್ನು ಆಯಾ ವರ್ಷದ ಮಾಹಿತಿ ಪುಸ್ತಿಕೆಯಿಂದಲೇ ಓದಿ, ನೆಂಟರ ಬಾಯಿಂದ ಕೇಳಬೇಡಿ. ನಾವು ಕೇಳಿದ್ದು ನೆಂಟರ ಬಾಯಿಂದ.

ಜಾತಿ ಪ್ರಮಾಣಪತ್ರದ ಬಗ್ಗೆ ನೀವು ಬರೆದಿಲ್ಲ, ಆದರೂ ಹೇಳುತ್ತೇನೆ. ಕರ್ನಾಟಕದಲ್ಲಿ ಹಿಂದುಳಿದ ವರ್ಗದವರೆಂಬ ಪತ್ರವಿದ್ದರೆ ಅದು ಮಹಾರಾಷ್ಟ್ರದ ಕೋಟಾದಲ್ಲಿ ನಡೆಯುವುದಿಲ್ಲ. ಇಲ್ಲಿ ಒಬಿಸಿ ಪತ್ರ ಸಿಗಬೇಕಾದರೆ ಜಾತಿ ಇಲ್ಲಿನ ಪಟ್ಟಿಯಲ್ಲಿರಬೇಕು, ಕುಟುಂಬ 1967ರ ಅಕ್ಟೋಬರ್ 13ಕ್ಕೂ ಮೊದಲೇ ಇಲ್ಲಿ ನೆಲೆಸಿದ್ದಕ್ಕೆ ದಾಖಲೆ ಇರಬೇಕು, ಮೇಲೆ ಜಾತಿ ಸಿಂಧುತ್ವದ ಪತ್ರವೂ ಬೇಕು. ಇಪ್ಪತ್ತೆರಡು ವರ್ಷದ ಹಿಂದೆ ಬಂದವರು ಓಪನ್, ಅಂದರೆ ಸಾಮಾನ್ಯ ವರ್ಗ, ಎಂದೇ ಲೆಕ್ಕ ಹಾಕಿಕೊಳ್ಳುವುದು ಕ್ಷೇಮ. ಮಗಳ ರ‍್ಯಾಂಕನ್ನು ಹೋಲಿಸುವಾಗಲೂ ಓಪನ್ ಪಟ್ಟಿಯೊಡನೆಯೇ ಹೋಲಿಸಿ. ಒಂದು ವರ್ಷದ ಅಂತರಕ್ಕೆ ಗ್ಯಾಪ್ ಅಫಿಡವಿಟ್ ಕೇಳುತ್ತಾರೆ; ಅದು ಸ್ಟ್ಯಾಂಪ್ ಪೇಪರಿನ ಅರ್ಧ ದಿನದ ಕೆಲಸ, ಹೆದರಬೇಕಾಗಿಲ್ಲ.

ಇನ್ನು ಆಯುರ್ವೇದದ ಸೀಟು. ಹಿಡಿದುಕೊಂಡು ಬರೆಯಲಿ ಎನ್ನುವುದು ಕೇಳಲು ಜಾಣತನದ ಮಾತು. ಆದರೆ ಅಲ್ಲಿ ಶೇ. 75 ಹಾಜರಿ ಬೇಕು, ಸಂಸ್ಕೃತದಿಂದ ಹಿಡಿದು ಶರೀರ ರಚನೆಯವರೆಗೆ ಪಾಠಗಳಿವೆ, ಮೂಲ ದಾಖಲೆಗಳು ಕಾಲೇಜಿನ ಕಪಾಟಿನಲ್ಲಿರುತ್ತವೆ, ಕೊನೆಯ ದಿನಾಂಕ ದಾಟಿದ ಮೇಲೆ ಸೀಟು ಬಿಟ್ಟರೆ ದಂಡ ಕಟ್ಟಬೇಕು. ಮಗಳು ವೈದ್ಯಳಾಗಿ ಆಯುರ್ವೇದದಲ್ಲಿಯೇ ಸಂತೋಷವಾಗಿ ಬಾಳಬಲ್ಲಳಾದರೆ ಸೇರಿಸಿ, ನೀಟಿನ ಮಾತನ್ನು ಮನೆಯಲ್ಲಿ ಮತ್ತೆ ಎತ್ತಬೇಡಿ. ಹಾಗಲ್ಲವಾದರೆ ಆ ಸೀಟು ಬೇರೆ ಯಾರಿಗಾದರೂ ಸಿಗಲಿ. ನನ್ನ ಅಭಿಪ್ರಾಯ ಕಟುವಾಗಿ ಕೇಳಿಸಿದರೆ ಕ್ಷಮಿಸಿ.

ಕೊನೆಯದಾಗಿ ಒಂದು ಎಚ್ಚರಿಕೆ. ಅಖಿಲ ಭಾರತ ಕೌನ್ಸೆಲಿಂಗಿನಲ್ಲಿ ಮೊದಲ ಸುತ್ತಿನ ಸೀಟಿಗೆ ಸೇರದಿದ್ದರೆ ನಷ್ಟವಿಲ್ಲ. ಎರಡನೆಯದರಲ್ಲಿ ಠೇವಣಿ ಹೋಗುತ್ತದೆ. ಡೀಮ್ಡ್ ವಿಶ್ವವಿದ್ಯಾಲಯಗಳಿಗೆ ಆ ಠೇವಣಿ 2 ಲಕ್ಷ ರೂಪಾಯಿ. ಉಳಿದ ಸೀಟುಗಳ ಕೊನೆಯ ಸ್ಟ್ರೇ ಸುತ್ತಿನಲ್ಲಿ ಸೀಟು ಹಂಚಿಕೆಯಾಗಿಯೂ ಸೇರದಿದ್ದರೆ ಮುಂದಿನ ವರ್ಷದ ನೀಟಿಗೇ ಕೂರಲು ಬಿಡುವುದಿಲ್ಲ. ಮರಳಿ ಬರೆಯುವ ಯೋಚನೆ ಇರುವವರು ‘ಏನು ಬರುತ್ತದೋ ನೋಡೋಣ’ ಎಂದು ಆ ಸುತ್ತಿನಲ್ಲಿ ಕಾಲೇಜುಗಳ ಹೆಸರು ತುಂಬಿದರೆ ಒಂದು ವರ್ಷದ ಓದು ನೀರಿನಲ್ಲಿ ಹೋಮ ಮಾಡಿದಂತೆ.

ಉತ್ತರ: ವಾಸ್ಕೋದ ವಿದ್ಯಾರ್ಥಿ

ಅಮ್ಮಾ, ನಾನು ಮೂರನೆಯ ಪ್ರಯತ್ನದಲ್ಲಿ ಸೀಟು ಪಡೆದವನು, ಈಗ ಬಾಂಬೋಲಿಯ ಗೋವಾ ವೈದ್ಯಕೀಯ ಕಾಲೇಜಿನಲ್ಲಿ ಎರಡನೆಯ ವರ್ಷದಲ್ಲಿದ್ದೇನೆ. ತಂದೆ ಗದಗ ಕಡೆಯಿಂದ ಬಂದು ಬಂದರಿನಲ್ಲಿ ದುಡಿಯುವವರು.

ಮೊದಲಿಗೆ, ಮುಲುಂಡಿನ ಗುರುಗಳ ಒಂದು ಮಾತನ್ನು ವಿನಯದಿಂದ ತಿದ್ದಬೇಕೆನಿಸುತ್ತದೆ. ತಪ್ಪಾದ 24ನ್ನು ಬಿಡಬೇಕಿತ್ತು ಎಂದು ಫಲಿತಾಂಶದ ನಂತರ ಹೇಳಬಹುದು. ಪರೀಕ್ಷೆಯ ಕೋಣೆಯಲ್ಲಿ ಆ 24 ಯಾವುವು ಎಂದು ಗೊತ್ತಿರುವುದಿಲ್ಲ. ಸರಿಯಾದುದಕ್ಕೆ 4 ಅಂಕ, ತಪ್ಪಿಗೆ 1 ಕಡಿತ. ನಾಲ್ಕು ಆಯ್ಕೆಗಳಲ್ಲಿ ಕಣ್ಣುಮುಚ್ಚಿ ಒಂದನ್ನು ತುಂಬುತ್ತ ಹೋದರೂ 100 ಪ್ರಶ್ನೆಗಳಲ್ಲಿ ಸರಾಸರಿ 25 ಸರಿಯಾಗಿ 100 ಅಂಕ ಬಂದು, 75 ಕಳೆದು, 25 ಉಳಿಯುತ್ತದೆ. ಅಂದರೆ ಊಹೆಯಿಂದ ನಷ್ಟವಿಲ್ಲ. ಎರಡು ಆಯ್ಕೆಗಳನ್ನು ತಳ್ಳಿಹಾಕಬಲ್ಲೆವಾದರೆ ಲಾಭವೇ ಇದೆ. ಇದೇ ಲೆಕ್ಕವನ್ನು ತಂಗಿಯ ಭೌತಶಾಸ್ತ್ರದ 39 ಉತ್ತರಗಳಿಗೆ ಹಾಕಿ ನೋಡಿ. ಏನೂ ಓದದವರು ತುಂಬಿದ್ದರೂ ಸುಮಾರು 10 ಸರಿಯಾಗಿ 11 ಅಂಕ ಬರುತ್ತಿತ್ತು. ಅವಳಿಗೆ 15 ಸರಿಯಾಗಿ 36 ಬಂದಿದೆ. ಎರಡು ವರ್ಷದ ಭೌತಶಾಸ್ತ್ರ ಅವಳಿಗೆ ತಂದುಕೊಟ್ಟದ್ದು 25 ಅಂಕ. ಇದು ಸಂಯಮದ ಕೊರತೆಯಲ್ಲ, ಅಡಿಪಾಯದ ಕೊರತೆ. ನೋವಾಗಬಹುದು, ಆದರೆ ಇದನ್ನು ಅವಳು ಒಪ್ಪಿಕೊಂಡರೆ ಮುಂದಿನ ವರ್ಷಕ್ಕೆ ಒಂದು ದಿಕ್ಕು ಸಿಗುತ್ತದೆ. ನಾನು ಒಪ್ಪಿಕೊಳ್ಳಲು ಎರಡು ಸಲ ಸೋಲಬೇಕಾಯಿತು.

ಎರಡನೆಯ ಸಲ ನಾನು ಸಾಲ ಮಾಡಿಸಿ ಒಂದು ಊರಿನ ಕೋಚಿಂಗಿಗೆ ಸೇರಿದ್ದೆ, ಹೆಸರು ಬೇಡ. ಹೊಸಬರನ್ನೂ ಮರಳಿ ಬರೆಯುವವರನ್ನೂ ಒಂದೇ ಕೋಣೆಯಲ್ಲಿ ಕೂರಿಸಿ ಮೊದಲ ಅಧ್ಯಾಯದಿಂದ ಶುರುಮಾಡಿದರು. ದಸರೆಯ ಹೊತ್ತಿಗೆ ಭೌತಶಾಸ್ತ್ರದ ಮೇಷ್ಟ್ರು ಬೇರೆ ಕಡೆ ಹೋದರು, ಹೊಸಬರು ಬರಲು ತಿಂಗಳಾಯಿತು. ನನಗೆ ಬರುತ್ತಿದ್ದ ಜೀವಶಾಸ್ತ್ರವನ್ನೇ ಮತ್ತೊಮ್ಮೆ ಕೇಳಿಸಿಕೊಂಡು, ಬಾರದ ಭೌತಶಾಸ್ತ್ರವನ್ನು ಹಾಗೆಯೇ ಬಿಟ್ಟು ಪರೀಕ್ಷೆಗೆ ಹೋದೆ. ಅಂಕ ಏರಿದ್ದು ಹನ್ನೊಂದು. ಕೋಚಿಂಗ್ ಎಲ್ಲವೂ ಹೀಗೆಯೇ ಎಂದು ನಾನು ಹೇಳುವುದಿಲ್ಲ, ಆದರೆ ಸೇರುವ ಮೊದಲು ‘ಮರಳಿ ಬರೆಯುವವರಿಗೆ ಬೇರೆ ವೇಳಾಪಟ್ಟಿ ಇದೆಯೇ’ ಎಂದು ಕೇಳಿ, ಇದೆ ಎಂದರೆ ಅದನ್ನು ಕಾಗದದಲ್ಲಿ ತೋರಿಸಲು ಹೇಳಿ.

ಮೂರನೆಯ ಸಲ ಮನೆಯಲ್ಲಿಯೇ ಓದಿದೆ. ನನ್ನ ದಿನದ ಅರ್ಧ ಭಾಗ ಭೌತಶಾಸ್ತ್ರಕ್ಕೆ ಹೋಗುತ್ತಿತ್ತು, ಅದೂ ಮೊದಲ ಐದು ತಿಂಗಳು ಹನ್ನೊಂದನೆಯ ತರಗತಿಯದೇ. ಭಾನುವಾರ ಮಧ್ಯಾಹ್ನ 2ರಿಂದ 5.20ರವರೆಗೆ ಪೂರ್ತಿ ಪ್ರಶ್ನೆಪತ್ರಿಕೆ, ಏಕೆಂದರೆ ಆಗ ನಿಜವಾದ ಪರೀಕ್ಷೆಯೂ ಅದೇ ಹೊತ್ತಿಗೆ. ಊಟದ ನಂತರದ ತೂಕಡಿಕೆ ಎಷ್ಟು ಪ್ರಶ್ನೆಗಳನ್ನು ನುಂಗುತ್ತದೆ ಎಂಬುದು ಬೆಳಿಗ್ಗೆ ಆರು ಗಂಟೆಗೆ ಬರೆಯುವವರಿಗೆ ಗೊತ್ತಾಗುವುದಿಲ್ಲ. ಒಎಂಆರ್ ಹಾಳೆಯ ಜೆರಾಕ್ಸ್ ಪ್ರತಿಗಳನ್ನು ಇಟ್ಟುಕೊಂಡಿದ್ದೆ. ಒಂದು ಭಾನುವಾರ 63ನೆಯ ಪ್ರಶ್ನೆಯನ್ನು ಬಿಟ್ಟು, ಅದರ ಸಾಲಿನಲ್ಲಿ 64ರ ಉತ್ತರವನ್ನು ತುಂಬಿ, ಹಾಗೆಯೇ ಮುಂದಕ್ಕೆ ಹೋಗಿ 81ಕ್ಕೆ ಬಂದಾಗ ನೋಡಿಕೊಂಡೆ. ಪರೀಕ್ಷೆಯಲ್ಲಿ ಬಾಲ್‌ಪೆನ್ನಿನಿಂದ ತುಂಬಿದ್ದನ್ನು ಅಳಿಸಲಾಗದು. ಅಂದಿನಿಂದ ಐದೈದು ಪ್ರಶ್ನೆಗಳಿಗೊಮ್ಮೆ ಬೆರಳಿಟ್ಟು ಸಂಖ್ಯೆ ನೋಡುವ ಅಭ್ಯಾಸ ಮಾಡಿಕೊಂಡೆ. ಇನ್ನೊಂದು: 2022ರಿಂದ 2024ರವರೆಗಿನ ಪತ್ರಿಕೆಗಳಲ್ಲಿ 200 ಪ್ರಶ್ನೆ, 200 ನಿಮಿಷ, ಆಯ್ಕೆಯ ಅವಕಾಶವೂ ಇತ್ತು. 2025ರಿಂದ 180 ಪ್ರಶ್ನೆ, 180 ನಿಮಿಷ, ಆಯ್ಕೆ ಇಲ್ಲ. ಹಳೆಯ ಪತ್ರಿಕೆಗಳನ್ನು ಬಿಡಿಸುವಾಗ ಗಡಿಯಾರವನ್ನು ಹೊಸ ಲೆಕ್ಕಕ್ಕೆ ಹೊಂದಿಸಿಕೊಳ್ಳಲಿ. ಜೀವಶಾಸ್ತ್ರ ಅವಳ ಕೈಯಲ್ಲಿದೆ. ಅದನ್ನು 45 ನಿಮಿಷದೊಳಗೆ ಮುಗಿಸಿದರೆ ಭೌತಶಾಸ್ತ್ರಕ್ಕೆ ಒಂದು ಗಂಟೆಗಿಂತ ಹೆಚ್ಚು ಸಿಗುತ್ತದೆ.

ನನ್ನ ಗೆಳೆಯನೊಬ್ಬ ದಂತವೈದ್ಯಕೀಯಕ್ಕೆ ಸೇರಿಕೊಂಡೇ ನೀಟ್ ಬರೆದ. ಅವನಿಗೆ ಆ ಸಲ ನೀಟೂ ಆಗಲಿಲ್ಲ, ಕಾಲೇಜಿನ ಪರೀಕ್ಷೆಯೂ ಆಗಲಿಲ್ಲ. ಪಿಂಪ್ರಿಯ ಕಾಕಾ ಹೇಳಿದ್ದನ್ನು ನಾನೂ ಹೇಳುತ್ತೇನೆ.

ಮರುಬರಹ: ಡೊಂಬಿವಲಿಯ ತಾಯಿ

ಮೂವರಿಗೂ ಕೃತಜ್ಞತೆಗಳು. ಎಲ್ಲವನ್ನೂ ಮಗಳಿಗೆ ಓದಿ ಹೇಳಿದೆ. 25 ಅಂಕದ ಲೆಕ್ಕ ಬಂದಾಗ ಅವಳು ನನ್ನ ಕೈಯಿಂದ ಫೋನ್ ತೆಗೆದುಕೊಂಡು ತಾನೇ ಎರಡು ಸಲ ಓದಿದಳು. ಅನಂತರ ಆ 24 ತಪ್ಪುಗಳ ಪಕ್ಕ ತರಗತಿಯ ಸಂಖ್ಯೆ ಬರೆಯಲು ಕುಳಿತಳು: 17 ಹನ್ನೊಂದನೆಯದು, 7 ಹನ್ನೆರಡನೆಯದು. ಆ ಹದಿನೇಳರಲ್ಲಿ ಹನ್ನೆರಡರ ಮುಂದೆ ‘ಓದಿಯೇ ಇಲ್ಲ’ ಎಂದು ಬರೆದಿದ್ದಾಳೆ. ಕೋವಿಡ್ಡೂ ಇರಲಿಲ್ಲ, ಕಾಯಿಲೆಯೂ ಇರಲಿಲ್ಲ. ಕಾಲೇಜು ಮತ್ತು ಕ್ಲಾಸಿನ ನಡುವೆ ಆ ವರ್ಷ ಎಲ್ಲಿ ಹೋಯಿತೋ ನನಗೂ ತಿಳಿಯಲಿಲ್ಲ.

ಯಜಮಾನರು ರಾತ್ರಿ ಹನ್ನೊಂದಕ್ಕೆ ಬಂದ ಮೇಲೆ ಕೂತು ಮಾತನಾಡಿದೆವು. ದಂಡ ಮತ್ತು ಹಾಜರಿಯ ಮಾತು ಕೇಳಿ ಅವರು ಆಯುರ್ವೇದದ ಹಟ ಬಿಟ್ಟರು, ಪೂರ್ತಿ ಮನಸ್ಸಿನಿಂದಲ್ಲ. ಸ್ಟ್ರೇ ಸುತ್ತಿನ ಗೊಡವೆಗೆ ಹೋಗುವುದಿಲ್ಲ. ಮಂಗಳೂರಿಗೂ ಕಳುಹಿಸುತ್ತಿಲ್ಲ. ನಮ್ಮ ಮನೆಯಿಂದ ಹತ್ತು ನಿಮಿಷದ ದೂರದಲ್ಲಿ ಒಂದು ಅಭ್ಯಾಸಿಕಾ, ಅಂದರೆ ಕೂತು ಓದುವ ಕೋಣೆ, ಇದೆ. ಸೋಮವಾರದಿಂದ ಅಲ್ಲಿ ಒಂದು ಮೇಜು ಗೊತ್ತುಮಾಡಿದ್ದೇವೆ. ಭೌತಶಾಸ್ತ್ರವೊಂದಕ್ಕೆ ಮಾತ್ರ ಯಾರಾದರೂ ಎದುರು ಕೂತು ಕಲಿಸಿದರೆ ಒಳ್ಳೆಯದು ಎನ್ನುತ್ತಾಳೆ. ಮುಲುಂಡಿನ ಗುರುಗಳೇ, ಶನಿವಾರ ನಿಮ್ಮಲ್ಲಿ ಪಾಠವಿದೆಯೇ? ಡೊಂಬಿವಲಿಯಿಂದ ಒಂದೇ ಲೋಕಲ್ಲಿನಲ್ಲಿ ಬರಬಹುದು.

ಉತ್ತರ: ಮುಲುಂಡಿನಲ್ಲಿ ಭೌತಶಾಸ್ತ್ರ ಕಲಿಸುವವನು

ವಾಸ್ಕೋದ ತಮ್ಮನ ತಿದ್ದುಪಡಿಯನ್ನು ಒಪ್ಪುತ್ತೇನೆ. ಅವನ ಲೆಕ್ಕ ಸರಿ, ನನ್ನದು ಅವಸರದ ಮಾತು. ಶನಿವಾರ ನಾಲ್ಕು ಗಂಟೆಯ ನಂತರ ನಾನು ಬಿಡುವಾಗಿರುತ್ತೇನೆ. ವಿಳಾಸವನ್ನು ಖಾಸಗಿಯಾಗಿ ಕಳುಹಿಸುತ್ತೇನೆ. ಮೊದಲ ದಿನ ಹನ್ನೊಂದನೆಯ ತರಗತಿಯ ಎನ್‌ಸಿಇಆರ್‌ಟಿ ಪುಸ್ತಕದ ಮೊದಲ ಭಾಗ, ಮತ್ತು ‘ಓದಿಯೇ ಇಲ್ಲ’ ಎಂದು ಬರೆದ ಆ ಹಾಳೆ, ಇವೆರಡನ್ನು ತಂದರೆ ಸಾಕು.